ಅಗ್ಗವಾಗಬೇಕಾದ ಅನ್ನ
ಜಪಾನಿನ ಕೃಷಿಕ ಮಸನೊಬು ಫುಕುವೊಕ ಅವರ ‘ಒಂದು ಹುಲ್ಲಿನ ಕ್ರಾಂತಿ’ (1975) ಬೇಸಾಯದ ಕೃತಿಯೆಂದೇ ಪ್ರಸಿದ್ಧ. ಅದರಲ್ಲಿ ಬೆಲೆಯ ನೀತಿಯೂ ಉಂಟು. ಗೊಬ್ಬರ, ಕೀಟನಾಶಕಗಳ ವೆಚ್ಚವಿಲ್ಲದೆ ಬೆಳೆದ ಆಹಾರ ಎಲ್ಲಕ್ಕಿಂತ ಅಗ್ಗವಾಗಿರಬೇಕು. ದುಬಾರಿಯಾದರೆ ವರ್ತಕನ ಅತಿಲಾಭವೇ ಕಾರಣವೆಂಬುದು ಅವರ ವಾದ. ಶುದ್ಧಾಹಾರವು ಸಿರಿವಂತರ ಭೋಗವಸ್ತುವಾಗಬಾರದೆಂಬ ಈ ಎಚ್ಚರಿಕೆಯೇ ಕೃತಿಯ ಹಿರಿಮೆ.

ಆದರೆ ದೋಷವನ್ನೆಲ್ಲ ವರ್ತಕನ ಮೇಲೆ ಹೊರಿಸಿರುವುದು ಅರ್ಧಸತ್ಯ. ಸಾಮಾನ್ಯ ಸಾವಯವ ಹೊಲದಲ್ಲಿ ಕಳೆ ಕೀಳುವ ಕೂಲಿ, ಪ್ರಮಾಣಪತ್ರದ ಶುಲ್ಕ, ಅಲ್ಪ ಸರಕಿನ ಸಾಗಣೆ ಇವೂ ಬೆಲೆಯನ್ನು ಏರಿಸುತ್ತವೆ. ಮಿತ ಆದಾಯದ ಗೃಹಸ್ಥನಿಗೆ ಕೃತಿಯು ದಾರಿ ತೋರದು. ಭಾರತದ 2017ರ ಸಾವಯವ ಆಹಾರ ನಿಯಮಗಳು ಗ್ರಾಹಕರಿಗೆ ನೇರವಾಗಿ ಮಾರುವ ಸಣ್ಣ ಬೆಳೆಗಾರರಿಗೆ ಪ್ರಮಾಣಪತ್ರದಿಂದ ವಿನಾಯಿತಿ ನೀಡಿವೆ. ನಾಲ್ಕು ಮನೆಗಳವರು ಕೂಡಿ, ಅಂಥವರಿಂದ ಅಕ್ಕಿ, ಬೇಳೆಗಳನ್ನಷ್ಟೇ ಕೊಂಡರೂ ಫುಕುವೊಕರ ನೀತಿ ಅಡುಗೆಮನೆಯನ್ನು ಮುಟ್ಟೀತು.