ಅಂಕಸಮುದ್ರದ ಮೂವತ್ತು ಸಾವಿರ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಗೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ರಾಮ್‌ಸಾರ್ ಮನ್ನಣೆ ಸಿಕ್ಕಿತು. ಆಗಿನಿಂದ ಎಲ್ಲರ ಬಾಯಲ್ಲೂ ಒಂದೇ ಅಂಕಿ: 30,000ಕ್ಕೂ ಹೆಚ್ಚು ನೀರುಹಕ್ಕಿಗಳು. 98.76 ಹೆಕ್ಟೇರಿನ ಆ ಕೆರೆಗೆ ಗೌರವ ಸಲ್ಲಬೇಕಾದದ್ದೇ. ಆದರೆ ನಾವು ಆ ಅಂಕಿಗೆ ಕೊಟ್ಟ ಬೆಲೆ ಅತಿಯಾಯಿತು, ಯಾರು ಬೇಕಾದರೂ ತೆಗೆದು ನೋಡಬಹುದಾದ ದಿನದಿನದ ಹಕ್ಕಿಪಟ್ಟಿಗಳಿಗೆ ಕೊಟ್ಟದ್ದು ತೀರ ಕಡಿಮೆ.

ಘೋಷಣೆಯ ಸಾರಾಂಶವನ್ನು ನಿಧಾನವಾಗಿ ಓದಿ. ಇಷ್ಟು ಹಕ್ಕಿಗಳು ಇಲ್ಲಿ ಗೂಡು ಕಟ್ಟುತ್ತವೆ, ತಂಗುತ್ತವೆ ಎಂದು ಅದು ಒಂದೇ ಉಸಿರಿನಲ್ಲಿ ಹೇಳುತ್ತದೆ. ಇವೆರಡೂ ಒಂದೇ ಅಲ್ಲ. ಗೂಡು ಕಟ್ಟುವ ಬಣ್ಣದ ಕೊಕ್ಕರೆಗೆ ಮರಿ ಹಾರುವವರೆಗೂ ಕರಿಜಾಲಿಯ ಕೊಂಬೆ ಬೇಕು, ಬುಡದಲ್ಲಿ ನೀರು ನಿಂತಿರಬೇಕು. ಸಂಜೆ ಬಂದು ತಂಗುವ ಹಕ್ಕಿ ಹಗಲೆಲ್ಲ ಸುತ್ತಲ ಗದ್ದೆಯಲ್ಲೋ ತುಂಗಭದ್ರೆಯ ಹಿನ್ನೀರಿನಲ್ಲೋ ಮೇಯಬಹುದು. ನಾಳೆ ಮೂವತ್ತು ಸಾವಿರ ಇಪ್ಪತ್ತು ಸಾವಿರಕ್ಕಿಳಿದರೆ ಕೆಟ್ಟದ್ದು ಮರವೋ ಮೇವೋ? ಎಣಿಸಿದ ತಿಂಗಳು, ಹೊತ್ತು, ವಿಧಾನ ಯಾವುದೂ ಜೊತೆಗಿಲ್ಲದ ಮೊತ್ತದಿಂದ ಇದಕ್ಕೆ ಉತ್ತರ ಹೊರಡದು.

ಈಗ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ ನಡೆಸುವ, ಹವ್ಯಾಸಿಗಳ ಹಕ್ಕಿಪಟ್ಟಿಗಳ ತೆರೆದ ಭಂಡಾರವಾದ ಇ-ಬರ್ಡ್ ನೋಡಿ. ದಿನಾಂಕ, ಶುರುಮಾಡಿದ ಹೊತ್ತು, ಕಳೆದ ಸಮಯ, ನಡೆದ ದೂರ ಎಲ್ಲವನ್ನೂ ಕೇಳಿ ಕೊನೆಗೊಂದು ಪ್ರಶ್ನೆ ಹಾಕುತ್ತದೆ: ಗುರುತು ಹಿಡಿದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ? ಇಡೀ ವ್ಯವಸ್ಥೆಯ ಜೀವ ಇರುವುದು ಈ ಪ್ರಶ್ನೆಯಲ್ಲಿ. ಹೌದೆಂದವರ ಪಟ್ಟಿಯಲ್ಲಿ ಕೆಂಬರಲು ಹಕ್ಕಿ ಇಲ್ಲದಿದ್ದರೆ ಅದು ಆ ದಿನ ಅವರಿಗೆ ಕಾಣಿಸಲಿಲ್ಲ ಎಂದೇ ಅರ್ಥ. ಆಗ ನೂರು ಪಟ್ಟಿಗಳಲ್ಲಿ ಎಷ್ಟರಲ್ಲಿ ಕೆಂಬರಲು ಇದೆ, ವರ್ಷದಿಂದ ವರ್ಷಕ್ಕೆ ಅದು ಏರಿತೋ ಇಳಿಯಿತೋ ಎಂದು ಲೆಕ್ಕ ಹಾಕಬಹುದು. 2023ರ ‘ಭಾರತದ ಪಕ್ಷಿಗಳ ಸ್ಥಿತಿಗತಿ’ ವರದಿ ನಿಂತಿರುವುದೇ ಇಂಥ ಪಟ್ಟಿಗಳ ಮೇಲೆ: ಸುಮಾರು 30,000 ವೀಕ್ಷಕರು, ಮೂರು ಕೋಟಿ ದಾಖಲೆಗಳು, 942 ಪ್ರಭೇದಗಳು.

ಹವ್ಯಾಸಿಗಳ ಪಟ್ಟಿ ವಿಜ್ಞಾನವಲ್ಲ ಎಂದು ಮೂಗು ಮುರಿಯುವ ಪಂಡಿತರಿದ್ದಾರೆ. ತಪ್ಪು ನುಸುಳುತ್ತದೆ, ನಿಜ. ಆದರೆ ತೆರೆದಿಟ್ಟ ತಪ್ಪನ್ನು ಇನ್ನೊಬ್ಬರು ಹಿಡಿಯಬಹುದು, ಬೀರುವಿನಲ್ಲಿಟ್ಟ ತಪ್ಪನ್ನು ಹಿಡಿಯುವವರು ಯಾರು? ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ಕಾರಣಿಕವೆಂಬ ಭವಿಷ್ಯ ನುಡಿಯುವುದೂ ಹೀಗೆ ತೆರೆದೇ, ಸೇರಿದ ಜನರೆಲ್ಲರ ಎದುರು. ಅರ್ಥ ಹೇಳುವವರು ನೂರು ಮಂದಿ, ಆದರೆ ನುಡಿ ಏನೆಂಬುದನ್ನು ಯಾರೂ ಬಚ್ಚಿಡಲಾರರು. ಮಾಹಿತಿ ಬಯಲಾದರೆ ಬೇಟೆಗಾರರಿಗೆ ದಾರಿ ತೋರಿಸಿದಂತೆ ಎಂಬುದು ಆ ಪಂಡಿತರ ಇನ್ನೊಂದು ವಾದ. ಎರೆಭೂತದಂಥ ಅಪಾಯದಂಚಿನ ಹಕ್ಕಿಗಳ ನಿಖರ ಜಾಗವನ್ನು ಇ-ಬರ್ಡ್ ಮರೆಮಾಡುತ್ತದೆ. ಇದನ್ನು ತಿಳಿದುಕೊಳ್ಳದೆ ಹೆದರಿಸುವುದು ಸಲ್ಲದು. ಸರ್ಕಾರದ ಹಣದಲ್ಲಿ ಎಣಿಸಿದ್ದು ಪ್ರಬಂಧ ಅಚ್ಚಾಗುವವರೆಗೆ ತಮ್ಮ ಸ್ವತ್ತು ಎಂದುಕೊಳ್ಳುವವರ ಬಾಯಲ್ಲಿ ಹಕ್ಕಿಯ ಕ್ಷೇಮದ ಮಾತು ನನಗೆ ರುಚಿಸದು.

ತೆರೆದ ಭಂಡಾರಕ್ಕೂ ಕೊರತೆಯಿದೆ. ಕ್ಯಾಮೆರಾ ಹೊತ್ತವರು ದರೋಜಿ ಕರಡಿಧಾಮಕ್ಕೆ ಓಡುವಷ್ಟು ಕೊಟ್ಟೂರು, ಕೂಡ್ಲಿಗಿಯ ಕೆರೆಗಳಿಗೆ ಓಡುವುದಿಲ್ಲ. ಪಟ್ಟಿಯಿಲ್ಲದ ಕೆರೆ ಲೆಕ್ಕಕ್ಕೇ ಬರದು. ಈ ಕೊರತೆ ತೀರುವುದು ಪಟ್ಟಿಗಳು ಹೆಚ್ಚಿದಾಗ ಮಾತ್ರ.

ಅಂಕಸಮುದ್ರದಲ್ಲಿ ಮುಂದೆ ಎಣಿಸುವವರು ಗೂಡುಗಳನ್ನೂ ತಂಗುವ ಹಕ್ಕಿಗಳನ್ನೂ ಬೇರೆ ಬೇರೆ ಎಣಿಸಲಿ, ದಿನಾಂಕ ಮತ್ತು ಹೊತ್ತಿನೊಡನೆ ಪ್ರತಿ ಪಟ್ಟಿಯನ್ನೂ ಅದೇ ವಾರ ಸಾರ್ವಜನಿಕ ಭಂಡಾರಕ್ಕೆ ಹಾಕಲಿ.