ಬ್ರೌಸರ್ ಆಯ್ಕೆ: ನಿಮ್ಮ ಪ್ರತಿನಿಧಿ ಯಾರ ಪರ?

ನಿಮ್ಮ ಶಾಲೆಯ ಗಣಕ ಕೊಠಡಿಗೆ ಹತ್ತು ಹೊಸ ಗಣಕಗಳು ಬಂದಿವೆ ಎಂದುಕೊಳ್ಳಿ. ಅವುಗಳಲ್ಲಿ ಯಾವ ಬ್ರೌಸರ್ ಇರಬೇಕು? "ಮೊದಲೇ ಇರುವುದು ಸಾಕಲ್ಲ" ಅಥವಾ "ಎಲ್ಲರೂ ಬಳಸುವುದನ್ನೇ ಹಾಕಿ" ಎಂಬುದು ಸಾಮಾನ್ಯವಾಗಿ ಬರುವ ಉತ್ತರ. ಪ್ರಯೋಗಾಲಯಕ್ಕೆ ಒಂದು ಸೂಕ್ಷ್ಮದರ್ಶಕ ಕೊಳ್ಳುವಾಗ ನಾಲ್ಕು ಕಡೆ ವಿಚಾರಿಸುವ ನಾವು, ದಿನವೂ ಗಂಟೆಗಟ್ಟಲೆ ಬಳಸುವ ಈ ತಂತ್ರಾಂಶವನ್ನು ಮಾತ್ರ ವಿಚಾರಿಸದೆ ಒಪ್ಪಿಕೊಳ್ಳುತ್ತೇವೆ. ಬೆಲೆ ಇಲ್ಲದ ವಸ್ತುವಿಗೆ ಪರೀಕ್ಷೆ ಏಕೆ ಎಂಬ ಭಾವನೆಯೂ ಇದಕ್ಕೆ ಕಾರಣವಿರಬಹುದು.

ಅಂತರಜಾಲದ ತಾಂತ್ರಿಕ ಮಾನಕಗಳಲ್ಲಿ ಬ್ರೌಸರ್‌ಗೆ ಇನ್ನೊಂದು ಹೆಸರಿದೆ. ಅದು 'ಯೂಸರ್ ಏಜೆಂಟ್', ಅಂದರೆ ಬಳಕೆದಾರನ ಪ್ರತಿನಿಧಿ. ನೀವು ಒಂದು ವಿಳಾಸ ಕೊಡುತ್ತೀರಿ. ಅದು ನಿಮ್ಮ ಪರವಾಗಿ ಸರ್ವರ್‌ಗೆ ಕೋರಿಕೆ ಕಳಿಸುತ್ತದೆ, ಬಂದದ್ದನ್ನು ನಿಮಗೆ ತೋರಿಸುತ್ತದೆ. ಹಾಗಿದ್ದರೆ ಬ್ರೌಸರ್‌ನ ವಿಮರ್ಶೆಗೆ ಈ ಹೆಸರನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು: ಈ ಪ್ರತಿನಿಧಿ ನಿಜವಾಗಿ ಯಾರ ಪರವಾಗಿ ಕೆಲಸ ಮಾಡುತ್ತಿದ್ದಾನೆ?

ಸೌಲಭ್ಯಗಳಲ್ಲಿ ಹೆಚ್ಚು ವ್ಯತ್ಯಾಸವಿಲ್ಲ

ಒಂದು ಕಾಲದಲ್ಲಿ ಸೌಲಭ್ಯಗಳನ್ನು ನೋಡಿಯೇ ಬ್ರೌಸರ್ ಆರಿಸಬಹುದಿತ್ತು. 2004ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ 1.0 ಬಂದಾಗ, ಒಂದೇ ಕಿಟಕಿಯಲ್ಲಿ ಹಲವು ಟ್ಯಾಬ್‌ಗಳು, ತಾನಾಗಿ ತೆರೆದುಕೊಳ್ಳುವ ಜಾಹೀರಾತು ಕಿಟಕಿಗಳಿಗೆ ತಡೆ ಮುಂತಾದವು ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರ ಬಳಕೆದಾರರಿಗೆ ಬೆರಗು ಹುಟ್ಟಿಸಿದ್ದವು. ಇಂದು ಟ್ಯಾಬ್, ಗುಪ್ತಪದ ನೆನಪಿಡುವಿಕೆ, ಪಿಡಿಎಫ್ ತೆರೆಯುವುದು, ಮೊಬೈಲ್ ಮತ್ತು ಗಣಕಗಳ ನಡುವೆ ಪುಟಗುರುತುಗಳ ಹೊಂದಾಣಿಕೆ ಎಲ್ಲ ಪ್ರಮುಖ ಬ್ರೌಸರ್‌ಗಳಲ್ಲೂ ಇವೆ. ವೇಗದ ವ್ಯತ್ಯಾಸ ಸಾಧಾರಣ ಬಳಕೆಯಲ್ಲಿ ಗೊತ್ತಾಗುವುದು ಕಡಿಮೆ. ಆದ್ದರಿಂದ ಸೌಲಭ್ಯಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು ಒಳಗಿನ ಎಂಜಿನ್ ನೋಡೋಣ.

ಹೆಸರು ಹಲವು, ಎಂಜಿನ್ ಮೂರು

ಪುಟದ ಸಂಕೇತಗಳನ್ನು ಓದಿ ಪರದೆಯ ಮೇಲೆ ಚಿತ್ರಿಸುವ ಭಾಗವೇ ಎಂಜಿನ್. ಇಂದು ವ್ಯಾಪಕ ಬಳಕೆಯಲ್ಲಿರುವ ಎಂಜಿನ್‌ಗಳು ಮೂರೇ. ಗೂಗಲ್ ನೇತೃತ್ವದ ಬ್ಲಿಂಕ್, ಆಪಲ್‌ನ ವೆಬ್‌ಕಿಟ್, ಮೊಝಿಲ್ಲಾದ ಗೆಕೊ. ಕ್ರೋಮ್ ಮಾತ್ರವಲ್ಲ, 2013ರಿಂದ ಒಪೆರಾ, 2020ರಿಂದ ಮೈಕ್ರೋಸಾಫ್ಟ್ ಎಡ್ಜ್, ಜೊತೆಗೆ ಬ್ರೇವ್, ವಿವಾಲ್ಡಿ ಮತ್ತು ಸ್ಯಾಮ್‌ಸಂಗ್‌ನ ಬ್ರೌಸರ್ ಇವೆಲ್ಲವೂ ಬ್ಲಿಂಕ್ ಮೇಲೆ ನಿಂತಿವೆ. ಸಫಾರಿಯದು ವೆಬ್‌ಕಿಟ್. ಗೆಕೊ ಬಳಸುವ ಪ್ರಮುಖ ಬ್ರೌಸರ್ ಫೈರ್‌ಫಾಕ್ಸ್ ಒಂದೇ. ಅಂದರೆ ಕ್ರೋಮ್ ಬಿಟ್ಟು ಎಡ್ಜ್‌ಗೆ ಹೋದವರು ಹೊದಿಕೆಯನ್ನು ಬದಲಿಸಿದ್ದಾರೆ, ಎಂಜಿನ್ನನ್ನಲ್ಲ.

ಒಂದೇ ಎಂಜಿನ್ ಇದ್ದರೆ ಏನು ತೊಂದರೆ? ಉತ್ತರ ಕನ್ನಡಿಗರ ನೆನಪಿನಲ್ಲೇ ಇದೆ. 2000ದ ದಶಕದ ಆರಂಭದಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಪಾಲು ಶೇ. 90ನ್ನು ದಾಟಿತ್ತು. ಆಗ ಹಲವು ಕನ್ನಡ ತಾಣಗಳು ಯೂನಿಕೋಡ್ ಬಳಸದೆ, ತಮ್ಮದೇ ಸಂಕೇತಗಳ ಫಾಂಟ್‌ಗಳನ್ನು ಪುಟದ ಜೊತೆಯಲ್ಲೇ ಕಳಿಸುತ್ತಿದ್ದವು. ಆ ಫಾಂಟ್ ಕಡತಗಳ ನಮೂನೆ ಮೈಕ್ರೋಸಾಫ್ಟ್‌ನದು. ಎಕ್ಸ್‌ಪ್ಲೋರರ್‌ನಲ್ಲಿ ಅಚ್ಚುಕಟ್ಟಾಗಿ ಕಾಣುತ್ತಿದ್ದ ಕನ್ನಡ, ಲಿನಕ್ಸ್‌ನಲ್ಲಿಯೋ ಫೈರ್‌ಫಾಕ್ಸ್‌ನಲ್ಲಿಯೋ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತಿತ್ತು. ನಮ್ಮ ಭಾಷೆಯನ್ನು ಓದಲು ಒಂದು ಕಂಪನಿಯ ತಂತ್ರಾಂಶ ಬೇಕಾಗಿತ್ತು. ಪೈಪೋಟಿ ಇಲ್ಲದ ಆ ಕಂಪನಿಯೋ, 2001ರಲ್ಲಿ ಆರನೆಯ ಆವೃತ್ತಿ ತಂದ ಮೇಲೆ ಏಳನೆಯದನ್ನು ತರಲು 2006ರವರೆಗೆ ಕಾಯಿಸಿತು. ಆ ಬ್ರೌಸರ್‌ಗೆ ವಿದಾಯ ಹೇಳಿದ್ದು 2022ರ ಜೂನ್‌ನಲ್ಲಿ.

ಇಂದಿನ ಬ್ಲಿಂಕ್ ಮುಕ್ತ ಆಕರ ತಂತ್ರಾಂಶ, ಅಂದಿನ ಎಕ್ಸ್‌ಪ್ಲೋರರ್‌ನಂತೆ ಮುಚ್ಚಿದ ಪೆಟ್ಟಿಗೆಯಲ್ಲ. ಇದು ಮುಖ್ಯ ವ್ಯತ್ಯಾಸ. ಆದರೂ ಅದರ ದಿಕ್ಕನ್ನು ಬಹುಪಾಲು ನಿರ್ಧರಿಸುವುದು ಒಂದು ಕಂಪನಿ. ಅದರ ಪರಿಣಾಮವನ್ನು ಮುಂದೆ ನೋಡುತ್ತೀರಿ.

ಖಾಸಗಿತನ: ಕುಕಿಯ ಕಥೆ

ಜಾಲದ ಮೂಲ ನಿಯಮಾವಳಿಗೆ ನೆನಪಿನ ಶಕ್ತಿ ಇಲ್ಲ. ಪ್ರತಿ ಕೋರಿಕೆಯೂ ಅದಕ್ಕೆ ಹೊಸತು. ಇದನ್ನು ಸರಿಪಡಿಸಲು 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮೊಂಟುಲ್ಲಿ ಕುಕಿಯನ್ನು ರೂಪಿಸಿದರು. ತಾಣವು ನಿಮ್ಮ ಬ್ರೌಸರ್‌ನಲ್ಲಿ ಇಡುವ ಚಿಕ್ಕ ಚೀಟಿ ಅದು. ನೀವು ಮತ್ತೆ ಬಂದಾಗ ಬ್ರೌಸರ್ ಆ ಚೀಟಿಯನ್ನು ತೋರಿಸುತ್ತದೆ. ಲಾಗಿನ್ ಆಗಿ ಉಳಿಯುವುದು ಇದರಿಂದಲೇ ಸಾಧ್ಯ.

ತೊಂದರೆ ಇರುವುದು ಮೂರನೆಯವರ ಚೀಟಿಯಲ್ಲಿ. ನೀವು ಓದುವ ಪುಟದಲ್ಲಿ ಬೇರೊಂದು ಸರ್ವರ್‌ನಿಂದ ಜಾಹೀರಾತು ಬಂದರೆ, ಆ ಸರ್ವರ್ ಕೂಡ ತನ್ನ ಚೀಟಿ ಇಡಬಹುದು. ಅದೇ ಜಾಹೀರಾತು ಸಂಸ್ಥೆ ನೂರು ತಾಣಗಳಲ್ಲಿದ್ದರೆ, ಆ ನೂರು ಕಡೆಯೂ ನಿಮ್ಮನ್ನು ಗುರುತಿಸುತ್ತದೆ. ಇಲ್ಲಿ ಪ್ರತಿನಿಧಿಗಳ ನಡತೆ ಬೇರೆಬೇರೆ. ಸಫಾರಿ 2020ರ ಮಾರ್ಚ್‌ನಲ್ಲಿ ಇಂಥ ಕುಕಿಗಳನ್ನೆಲ್ಲ ತಡೆಯಿತು. ಫೈರ್‌ಫಾಕ್ಸ್ 2019ರಲ್ಲಿ ಪರಿಚಿತ ಜಾಡುಗಾರರ ಕುಕಿಗಳನ್ನು ತಡೆದು, 2022ರಲ್ಲಿ ಪ್ರತಿ ತಾಣದ ಕುಕಿಗಳನ್ನೂ ಬೇರೆಬೇರೆ ಡಬ್ಬಿಗಳಲ್ಲಿ ಇಡತೊಡಗಿತು. ಗೂಗಲ್ 2020ರ ಜನವರಿಯಲ್ಲಿ, ಎರಡು ವರ್ಷಗಳೊಳಗೆ ಕ್ರೋಮ್‌ನಿಂದ ಇವನ್ನು ತೆಗೆಯುವ ಉದ್ದೇಶ ಪ್ರಕಟಿಸಿತು. ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. 2024ರ ಜುಲೈನಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ತಡೆಯಬೇಕೆಂದರೆ ನೀವೇ ಸೆಟ್ಟಿಂಗ್ಸ್‌ಗೆ ಹೋಗಿ ತಡೆಯಬೇಕು.

ಕಾರಣ ಕಷ್ಟವೇನಲ್ಲ. ಕ್ರೋಮ್ ತಯಾರಿಸುವ ಕಂಪನಿಯ ಮುಖ್ಯ ಆದಾಯ ಜಾಹೀರಾತಿನದು. ಉಳಿದವರೂ ಋಷಿಗಳಲ್ಲ. ಅಮೆರಿಕದ ನ್ಯಾಯಾಲಯದಲ್ಲಿ ನಡೆದ ಮೊಕದ್ದಮೆಯಲ್ಲಿ, ತನ್ನ ಶೋಧಕವನ್ನೇ ಮೊದಲ ಆಯ್ಕೆಯಾಗಿ ಇರಿಸಲು ಗೂಗಲ್ 2021ರಲ್ಲಿ ಇತರರಿಗೆ ಕೊಟ್ಟ ಹಣ 2,630 ಕೋಟಿ ಡಾಲರ್ ಎಂದು ಹೊರಬಂತು. ಆಪಲ್‌ಗೆ ಇದರಲ್ಲಿ ದೊಡ್ಡ ಪಾಲು. ಮೊಝಿಲ್ಲಾದ ಆದಾಯದ ಬಹುಭಾಗವೂ ಇದೇ ಮೂಲದ್ದು. 2025ರ ಫೆಬ್ರವರಿಯಲ್ಲಿ ಮೊಝಿಲ್ಲಾ ತನ್ನ ಪುಟಗಳಿಂದ 'ನಿಮ್ಮ ಮಾಹಿತಿಯನ್ನು ಎಂದೂ ಮಾರುವುದಿಲ್ಲ' ಎಂಬ ಅರ್ಥದ ಭರವಸೆಯನ್ನು ತೆಗೆದಾಗ ಬಳಕೆದಾರರು ಸಿಟ್ಟಾದದ್ದು ಸಹಜ. ಖಾಸಗಿತನವನ್ನೇ ಘೋಷಣೆಯಾಗಿಸಿಕೊಂಡ ಬ್ರೇವ್ 2020ರಲ್ಲಿ, ಬಳಕೆದಾರರು ಟೈಪ್ ಮಾಡುವ ಕೆಲವು ವಿಳಾಸಗಳಿಗೆ ತನಗೆ ಕಮಿಷನ್ ತರುವ ಸಂಕೇತವನ್ನು ಸೇರಿಸುತ್ತಿದ್ದುದು ಬಯಲಾಗಿ ಕ್ಷಮೆ ಕೇಳಬೇಕಾಯಿತು. ಆದ್ದರಿಂದ ಘೋಷಣೆಗಿಂತ ವರ್ತನೆಯನ್ನು ನೋಡಿ.

'ಇನ್‌ಕಾಗ್ನಿಟೋ' ಬಗೆಗೂ ಒಂದು ಮಾತು. ಇದು ನಿಮ್ಮನ್ನು ಜಾಲದಲ್ಲಿ ಅದೃಶ್ಯರನ್ನಾಗಿಸುವುದಿಲ್ಲ. ಆ ಗಣಕದಲ್ಲಿ ಇತಿಹಾಸ ಮತ್ತು ಕುಕಿಗಳನ್ನು ಉಳಿಸುವುದಿಲ್ಲ, ಅಷ್ಟೆ. ಹಲವರು ಹಂಚಿಕೊಳ್ಳುವ ಶಾಲೆಯ ಗಣಕಕ್ಕೆ ಇದು ಉಪಯುಕ್ತವೇ. ಒಬ್ಬ ವಿದ್ಯಾರ್ಥಿಯ ಖಾತೆ ಮುಂದಿನವನಿಗೆ ತೆರೆದು ಸಿಗುವುದಿಲ್ಲ. ಆದರೆ ತಾಣ ಮತ್ತು ಸಂಪರ್ಕ ಒದಗಿಸುವ ಸಂಸ್ಥೆಗಳಿಗೆ ನೀವು ಕಾಣುತ್ತಲೇ ಇರುತ್ತೀರಿ. ಈ ತಪ್ಪುಕಲ್ಪನೆಯ ಮೇಲೆ 2020ರಲ್ಲಿ ಹೂಡಿದ ದಾವೆಯು, ಗೂಗಲ್ ಅಪಾರ ಪ್ರಮಾಣದ ದಾಖಲೆಗಳನ್ನು ಅಳಿಸಲು ಒಪ್ಪುವುದರೊಂದಿಗೆ 2024ರಲ್ಲಿ ರಾಜಿಯಾಯಿತು.

ವಿಸ್ತರಣೆಗಳು: ಬಲವೂ ಅಪಾಯವೂ

ಬ್ರೌಸರ್‌ಗೆ ಹೊಸ ಗುಣ ಸೇರಿಸುವ ಕಿರು ತಂತ್ರಾಂಶಗಳೇ ವಿಸ್ತರಣೆಗಳು, ಅಂದರೆ ಎಕ್ಸ್‌ಟೆನ್ಶನ್‌ಗಳು. ನನ್ನ ಮಟ್ಟಿಗೆ ಆಯ್ಕೆ ನಿರ್ಧಾರವಾಗುವುದು ಇಲ್ಲಿ.

ಜಾಹೀರಾತು ಮತ್ತು ಜಾಡುಗಾರರನ್ನು ತಡೆಯುವ 'ಯುಬ್ಲಾಕ್ ಒರಿಜಿನ್' ಎಂಬ ವಿಸ್ತರಣೆಯನ್ನು ಉದಾಹರಣೆಯಾಗಿ ನೋಡಿ. ಬ್ರೌಸರ್ ಹೊರಗೆ ಕಳಿಸುವ ಪ್ರತಿ ಕೋರಿಕೆಯನ್ನೂ ಅದು ಆ ಕ್ಷಣದಲ್ಲೇ ಪರಿಶೀಲಿಸಿ, ಬೇಡವಾದದ್ದನ್ನು ನಿಲ್ಲಿಸುತ್ತಿತ್ತು. ಗೂಗಲ್ ತಂದ 'ಮ್ಯಾನಿಫೆಸ್ಟ್ ವಿ3' ಎಂಬ ಹೊಸ ನಿಯಮದಲ್ಲಿ ಈ ಅಧಿಕಾರ ಇಲ್ಲ. ವಿಸ್ತರಣೆ ಮೊದಲೇ ಒಂದು ನಿಯಮಗಳ ಪಟ್ಟಿ ಕೊಡಬೇಕು, ತಡೆಯುವ ಕೆಲಸವನ್ನು ಬ್ರೌಸರ್ ಮಾಡುತ್ತದೆ. ಬಾಗಿಲಲ್ಲಿ ನಿಂತ ಕಾವಲುಗಾರನನ್ನು ಒಳಗೆ ಕಳಿಸಿ, ಅವನಿಂದ ಒಂದು ಪಟ್ಟಿ ಬರೆಸಿಕೊಂಡಂತೆ. 2024ರಲ್ಲಿ ಆರಂಭವಾದ ಈ ಬದಲಾವಣೆ 2025ರಲ್ಲಿ ಪೂರ್ಣಗೊಂಡು, ಯುಬ್ಲಾಕ್ ಒರಿಜಿನ್ ಕ್ರೋಮ್‌ನಲ್ಲಿ ನಿಂತುಹೋಯಿತು. ಅಲ್ಲಿ ಉಳಿದದ್ದು ಅದರ ಹಗುರ ಆವೃತ್ತಿ. ಫೈರ್‌ಫಾಕ್ಸ್ ಹಳೆಯ ಅಧಿಕಾರವನ್ನೂ ಉಳಿಸಿಕೊಂಡಿದೆ.

ಗೂಗಲ್‌ನ ಸಮರ್ಥನೆಯನ್ನು ತಳ್ಳಿಹಾಕುವಂತಿಲ್ಲ. ಎಲ್ಲ ಕೋರಿಕೆಗಳನ್ನೂ ಓದಬಲ್ಲ ವಿಸ್ತರಣೆ ದುಷ್ಟರ ಕೈಗೆ ಸಿಕ್ಕರೆ ಅನಾಹುತವೇ. 'ದಿ ಗ್ರೇಟ್ ಸಸ್ಪೆಂಡರ್' ಎಂಬ ಜನಪ್ರಿಯ ವಿಸ್ತರಣೆ, ಬಳಸದ ಟ್ಯಾಬ್‌ಗಳನ್ನು ಮಲಗಿಸಿ ಗಣಕದ ಸ್ಮೃತಿಯನ್ನು ಉಳಿಸುತ್ತಿತ್ತು. 2020ರಲ್ಲಿ ಮೂಲ ಕರ್ತೃ ಅದನ್ನು ಮಾರಿದರು. 2021ರ ಫೆಬ್ರವರಿಯಲ್ಲಿ, ಅದರಲ್ಲಿ ದುರುದ್ದೇಶದ ಸಂಕೇತವಿದೆಯೆಂದು ಗೂಗಲ್ ತೆಗೆದುಹಾಕಿತು. ಬಳಕೆದಾರರು ಏನೂ ಬದಲಿಸಿರಲಿಲ್ಲ, ಬದಲಾದದ್ದು ಮಾಲೀಕರು. ಆದರೆ ಇದಕ್ಕೆ ಪರಿಹಾರ ಪರೀಕ್ಷೆ ಮತ್ತು ನಿಗಾ. ಜಾಹೀರಾತು ತಡೆಯ ಬಲವನ್ನು ಕುಗ್ಗಿಸುವ ನಿರ್ಧಾರ ಜಾಹೀರಾತು ಮಾರುವವರಿಂದಲೇ ಬಂದಾಗ, ಪ್ರತಿನಿಧಿ ಯಾರ ಪರ ಎಂಬ ಪ್ರಶ್ನೆ ಕೇಳದೆ ಇರಲಾಗದು.

ಶಿಕ್ಷಕರಿಗೆ ಇದು ದೂರದ ವಿಷಯವಲ್ಲ. ಕಡತ ಪರಿವರ್ತನೆಗೆಂದು ಎಂದೋ ಹಾಕಿಕೊಂಡ ವಿಸ್ತರಣೆಗೆ 'ಎಲ್ಲ ತಾಣಗಳ ಮಾಹಿತಿಯನ್ನು ಓದುವ ಮತ್ತು ಬದಲಿಸುವ' ಅನುಮತಿ ಇದ್ದರೆ, ನೀವು ಅದೇ ಬ್ರೌಸರ್‌ನಲ್ಲಿ ಮಕ್ಕಳ ಅಂಕ, ಜನ್ಮದಿನಾಂಕ, ಪೋಷಕರ ದೂರವಾಣಿ ಸಂಖ್ಯೆ ತುಂಬುವಾಗ ಅದೂ ಓದಬಲ್ಲದು.

ಮಾಡಿ ನೋಡಿ

1. ವಿಸ್ತರಣೆಗಳ ಪುಟ ತೆರೆದು, ಒಂದೊಂದಕ್ಕೂ ಇರುವ ಅನುಮತಿಗಳನ್ನು ಓದಿ. ಅನುಮತಿ ಕೆಲಸಕ್ಕಿಂತ ದೊಡ್ಡದಾಗಿದ್ದರೆ ತೆಗೆದುಹಾಕಿ.

2. ಯಾವುದಾದರೂ ಸುದ್ದಿತಾಣವನ್ನು ತೆರೆದು ಎಫ್12 ಕೀಲಿ ಒತ್ತಿ, 'ನೆಟ್‌ವರ್ಕ್' ಭಾಗವನ್ನು ಆರಿಸಿ, ಪುಟವನ್ನು ಮತ್ತೆ ತೆರೆಯಿರಿ. ಎಷ್ಟು ಕೋರಿಕೆಗಳು ಹೋದವು, ಎಷ್ಟು ಬೇರೆ ಸರ್ವರ್‌ಗಳಿಗೆ ಹೋದವು ಎಂದು ಎಣಿಸಿ. ತಡೆಯುವ ವಿಸ್ತರಣೆ ಹಾಕಿ ಮತ್ತೆ ಎಣಿಸಿ. ವಿದ್ಯಾರ್ಥಿಗಳು ಇದನ್ನು ಮೂರು ಬ್ರೌಸರ್‌ಗಳಲ್ಲಿ ಮಾಡಿ ಕೋಷ್ಟಕ ತಯಾರಿಸಬಹುದು.

3. ಎಲೆಕ್ಟ್ರಾನಿಕ್ ಫ್ರಂಟಿಯರ್ ಫೌಂಡೇಶನ್‌ನ 'ಕವರ್ ಯುವರ್ ಟ್ರ್ಯಾಕ್ಸ್' ಪರೀಕ್ಷೆ ನಡೆಸಿ. ಪರದೆಯ ಅಳತೆ, ಫಾಂಟ್‌ಗಳು, ಭಾಷೆ ಇವುಗಳಿಂದಲೇ ನಿಮ್ಮ ಬ್ರೌಸರನ್ನು ಎಷ್ಟರಮಟ್ಟಿಗೆ ಗುರುತಿಸಬಹುದು ಎಂದು ಅದು ತಿಳಿಸುತ್ತದೆ. ಇದೇ ಸಂಸ್ಥೆ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಗೆ ಬಂದ ಬ್ರೌಸರ್‌ಗಳಲ್ಲಿ ಶೇ. 83.6ರಷ್ಟು ಉಳಿದೆಲ್ಲಕ್ಕಿಂತ ಭಿನ್ನವಾಗಿದ್ದವು. ಕನ್ನಡ ಫಾಂಟ್‌ಗಳನ್ನು ಹಾಕಿಕೊಂಡವರು ಜಗತ್ತಿನ ಗುಂಪಿನಲ್ಲಿ ಇನ್ನೂ ಬೇಗ ಕಣ್ಣಿಗೆ ಬೀಳಬಹುದು.

ಹಾಗಾದರೆ ಆ ಹತ್ತು ಗಣಕಗಳಿಗೆ ಯಾವುದು? ನನ್ನ ಸಲಹೆ, ಮೊದಲ ಬ್ರೌಸರ್ ಆಗಿ ಫೈರ್‌ಫಾಕ್ಸ್, ಜೊತೆಗೆ ಒಂದೇ ಒಂದು ತಡೆಯುವ ವಿಸ್ತರಣೆ. ಇದು ದೋಷಮುಕ್ತವೆಂದಲ್ಲ. ವಿಸ್ತರಣೆಗೆ ಪೂರ್ಣ ಬಲ ಉಳಿದಿರುವುದು ಅಲ್ಲಿ, ಕನ್ನಡದ ಮುಖವೂ ಅದಕ್ಕಿದೆ, ಮತ್ತು ಮೂರನೆಯ ಎಂಜಿನ್ ಉಳಿಯಬೇಕು. ಕ್ರೋಮ್ ಅಥವಾ ಎಡ್ಜ್ ಎರಡನೆಯದಾಗಿ ಇರಲಿ. ಕೆಲವು ತಾಣಗಳು ಇನ್ನೊಂದರಲ್ಲಿ ತೆರೆಯುವುದಿಲ್ಲ. ಹಾಗೆ ತೆರೆಯದಿದ್ದಾಗ ಬ್ರೌಸರ್ ಬದಲಿಸಿ ಸುಮ್ಮನಾಗಬೇಡಿ, ಆ ತಾಣದವರಿಗೆ ಎರಡು ಸಾಲು ಬರೆಯಿರಿ. ಒಂದೇ ಬ್ರೌಸರ್‌ನಲ್ಲಿ ಮಾತ್ರ ಕನ್ನಡ ಓದಬಹುದಾಗಿದ್ದ ದಿನಗಳನ್ನು ನೆನಪಿಟ್ಟವರು ಆ ಎರಡು ಸಾಲು ಬರೆಯದೆ ಬಿಡಲಾರರು.