ಬಲಮುರಿ, ಎಡಮುರಿ: ಒಂದು ಪರಿಭಾಷಾ ವಿಮರ್ಶೆ

ಬಸವನಹುಳುವಿನ ಚಿಪ್ಪು ಯಾವ ಕಡೆಗೆ ಸುತ್ತಿಕೊಂಡಿದೆಯೆಂಬುದನ್ನು ಕನ್ನಡದಲ್ಲಿ ಹೇಳಹೊರಟವರಿಗೆ ‘ಬಲಮುರಿ’, ‘ಎಡಮುರಿ’ ಎಂಬೆರಡು ಸೊಗಸಾದ ಪದಗಳು ಸಿದ್ಧವಾಗಿಯೇ ದೊರೆಯುತ್ತವೆ. ಪ್ರಾಣಿಶಾಸ್ತ್ರದ ‘ಡೆಕ್ಸ್ಟ್ರಲ್’ ಎಂಬುದಕ್ಕೆ ಮೊದಲನೆಯದನ್ನೂ ‘ಸಿನಿಸ್ಟ್ರಲ್’ ಎಂಬುದಕ್ಕೆ ಎರಡನೆಯದನ್ನೂ ಬಳಸುವುದು ಸಹಜವೆಂದೇ ತೋರುವುದು. ದೋಷವಿರುವುದು ಈ ಸಹಜತೆಯಲ್ಲಿಯೇ.

ಪೂಜೆಗೆ ಅಪೂರ್ವವೆನಿಸಿದ ಬಲಮುರಿ ಶಂಖವು, ಎಂದರೆ ದಕ್ಷಿಣಾವರ್ತವು, ಶಾಸ್ತ್ರಜ್ಞರ ಗಣನೆಯಲ್ಲಿ ಸಿನಿಸ್ಟ್ರಲ್. ಶಾಸ್ತ್ರಜ್ಞನು ಸುರುಳಿಯ ತುದಿಯನ್ನು ಮೇಲಕ್ಕೂ ಬಾಯನ್ನು ತನ್ನೆಡೆಗೂ ಹಿಡಿಯುತ್ತಾನೆ. ಬಾಯಿ ಬಲಕ್ಕೆ ಬಂದರೆ ಡೆಕ್ಸ್ಟ್ರಲ್. ಸಂಪ್ರದಾಯದಲ್ಲಿಯಾದರೋ ತುದಿ ಕೆಳಗಾಗಿ ನಾಳವು ಮೇಲಾಗುವುದು. ಬಾಯಿಯ ಪಕ್ಕದೊಡನೆ ಹೆಸರೂ ಬದಲಾಗುತ್ತದೆ. ಚಿಪ್ಪು ಮಾತ್ರ ಬದಲಾಗದು. ಎಷ್ಟು ತಿರುಗಿಸಿ ಹಿಡಿದರೂ ಒಂದು ಬಗೆಯ ಸುರುಳಿ ಮತ್ತೊಂದಾಗಲಾರದು.

ಮಸ್ಕಿಯ ಪುರಾತನ ನೆಲೆಯಲ್ಲಿ ಶಂಖದ ಆಭರಣಗಳು ದೊರೆತಿವೆ. ಕಡಲು ದೂರವಿದ್ದರೂ ಶಂಖವು ಈ ಎರೆನಾಡಿಗೆ ಹೊಸತಲ್ಲ. ಸಿಂಧನೂರಿನಲ್ಲಿಯೋ ಲಿಂಗಸುಗೂರಿನಲ್ಲಿಯೋ ಒಬ್ಬ ವಿದ್ಯಾರ್ಥಿಯು ಹೊಲದ ಬದುವಿನ ಬಸವನಹುಳುವಿನ ಚಿಪ್ಪನ್ನು ದೇವರಮನೆಯ ಸಾಮಾನ್ಯ ಶಂಖದ ಬಳಿಯಿಟ್ಟರೆ, ಎರಡರ ಸುತ್ತೂ ಬಹುಮಟ್ಟಿಗೆ ಒಂದೇ. ಅದನ್ನೇ ಪಾಠವು ಬಲಮುರಿಯೆಂದರೆ, ಮನೆಯ ಹಿರಿಯರು ಎಡಮುರಿಯೆನ್ನುವರು. ಇಬ್ಬರೂ ತಪ್ಪಲ್ಲವೆಂಬುದೇ ತೊಡಕು.

ಗೊಂದಲವು ಶಬ್ದದಲ್ಲಿಯೇ ನಿಲ್ಲದು. ಕೊಳದ ಬಸವನಹುಳುವಾದ ಲಿಮ್ನಿಯದಲ್ಲಿ ಡೆಕ್ಸ್ಟ್ರಲ್ ಗುಣವು ಪ್ರಬಲವೆಂಬುದು 1923ರಲ್ಲಿ ಬಾಯ್ಕಾಟ್ ಮತ್ತು ಡೈವರ್ ಅವರು ನಡೆಸಿದ ಶೋಧನೆಯಿಂದಲೂ ಅದೇ ವರ್ಷ ಸ್ಟರ್ಟೆವಂಟ್ ನೀಡಿದ ವಿವರಣೆಯಿಂದಲೂ ತಿಳಿಯಿತು. ವಿಚಿತ್ರವೆಂದರೆ, ಮರಿಯ ಸುತ್ತನ್ನು ನಿರ್ಣಯಿಸುವುದು ಅದರ ಸ್ವಂತ ವಂಶವಾಹಿಗಳಲ್ಲ, ತಾಯಿಯವು; ತಾಯಿಯು ತತ್ತಿಯಲ್ಲಿರಿಸಿದ ದ್ರವ್ಯವು ಮೊದಲ ವಿಭಜನೆಗಳ ಓರೆಯನ್ನು ಗೊತ್ತುಮಾಡುತ್ತದೆ. ಒಂದು ತಲೆಮಾರು ತಡವಾಗಿ ಫಲ ಕಾಣುವ ಇಂತಹ ನಿಯಮವನ್ನು ‘ಬಲಮುರಿಯು ಪ್ರಬಲ’ ಎಂದು ಬರೆದರೆ, ಶಂಖವನ್ನು ಬಲ್ಲ ಓದುಗನು ಅಪೂರ್ವವಾದುದೇ ಪ್ರಬಲವೆಂದು ಗ್ರಹಿಸುವನು.

ನೆಲದ ಹುಳುಗಳಲ್ಲಿಯೂ ಎಚ್ಚರ ಬೇಕು. 2016ರಲ್ಲಿ ಇಂಗ್ಲೆಂಡಿನಲ್ಲಿ ಪ್ರಸಿದ್ಧವಾದ ‘ಜೆರೆಮಿ’ ಎಂಬ ಸಿನಿಸ್ಟ್ರಲ್ ತೋಟದಹುಳುವಿನ ಮರಿಗಳೆಲ್ಲ ಸಾಮಾನ್ಯ ಸುತ್ತಿನವೇ ಆದುವು. ಆ ಜಾತಿಯಲ್ಲಿ ಈ ವ್ಯತ್ಯಾಸವು ಬಹುಮಟ್ಟಿಗೆ ಬೆಳವಣಿಗೆಯ ಆಕಸ್ಮಿಕವೆಂದು ಮುಂದೆ ತಿಳಿದುಬಂದಿತು. ಸಹ್ಯಾದ್ರಿಯ ‘ಆರಿಯೋಫಾಂಟಾ ಲೀವಿಪೆಸ್’ ಎಂಬುದಾದರೋ ಜಾತಿಗೆ ಜಾತಿಯೇ ಸಿನಿಸ್ಟ್ರಲ್. ಅದನ್ನು ಎಡಮುರಿಯೆಂದು ವರ್ಣಿಸಿದರೆ ಅದರ ವೈಶಿಷ್ಟ್ಯವೇ ಮರೆಯಾಗುವುದು.

ಆದುದರಿಂದ ಬಲಮುರಿಯನ್ನು ಶಂಖಕ್ಕೇ ಬಿಟ್ಟು, ಶಾಸ್ತ್ರಗ್ರಂಥಗಳಲ್ಲಿ ‘ಬಲಬಾಯಿ’, ‘ಎಡಬಾಯಿ’ ಎಂದು ಬರೆಯುವುದು ಮೇಲು. ಕಿವಿಗೆ ಅಷ್ಟು ಇಂಪಲ್ಲ, ನಿಜ. ತುದಿಯನ್ನು ಮೇಲಕ್ಕೆ ಹಿಡಿಯಬೇಕೆಂಬ ನಿಬಂಧನೆಯನ್ನು ಮಾತ್ರ ಮೊದಲ ಸಲವೇ ಸ್ಪಷ್ಟಪಡಿಸತಕ್ಕದ್ದು.